ಸಾಲದಲ್ಲಿರುವ ಬಡಿಗೇರರಿಗೆ ಮನೆಯ ಕೆಲಸ ಒಪ್ಪಿಸಬಹುದೇ? ಧಾರವಾಡದ ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಕುಟುಂಬದ ಮತ್ತು ಬಡಿಗೇರರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಮೊತ್ತಗಳನ್ನೂ ಪರಸ್ಪರ ಪ್ರಮಾಣ ಕೆಡದಂತೆ ತುಸು ತಿದ್ದಲಾಗಿದೆ. ಮನೆ ಕಟ್ಟಿಸುವವರಿಗೆ ಲೆಕ್ಕಪತ್ರ ಮತ್ತು ಉಸ್ತುವಾರಿಯಲ್ಲಿ ನೆರವಾಗುವುದು ನನ್ನ ವೃತ್ತಿ. ಹೀಗಾಗಿ ಈ ವ್ಯವಹಾರವನ್ನು ಮೊದಲಿನಿಂದ ಕೊನೆಯವರೆಗೆ ಹತ್ತಿರದಿಂದ ನೋಡಿದ್ದೇನೆ. ಇಬ್ಬರ ಒಪ್ಪಿಗೆಯನ್ನೂ ಪಡೆದೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಧಾರವಾಡದ ಹೊರವಲಯದ ಬಡಾವಣೆಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಮೇಲೆ ಮೊದಲ ಮಹಡಿ ಕಟ್ಟಿಸುತ್ತಿದ್ದರು. ಗೋಡೆ ಎದ್ದು ಸ್ಲ್ಯಾಬ್ ಬಿದ್ದಿತ್ತು. ಪ್ಲಾಸ್ಟರ್ ಆರಂಭವಾಗುವ ಮೊದಲು ಬಾಗಿಲು, ಕಿಟಕಿಗಳ ಚೌಕಟ್ಟುಗಳನ್ನು ಕೂಡಿಸಬೇಕಿತ್ತು. ಆನಂತರ ಸಾಗವಾನಿಯ ತಲೆಬಾಗಿಲು, ದೇವರ ಕೋಣೆಯ ಬಾಗಿಲು, ಒಳಗಿನ ಐದು ಬಾಗಿಲು, ಅಡುಗೆಮನೆಯ ಕಪಾಟು ಮತ್ತು ಎರಡು ವಾರ್ಡ್‌ರೋಬ್. ಆಷಾಢ ಹಿಡಿಯುವ ಮೊದಲು ವಾಸ್ತುಶಾಂತಿ ಮುಗಿಸಬೇಕೆಂಬುದು ಮನೆಯವರ ಇಚ್ಛೆಯಾಗಿತ್ತು.

ಮೂರು ಕಡೆ ದರ ಕೇಳಲಾಯಿತು. ಹುಬ್ಬಳ್ಳಿಯ ಒಂದು ಸಂಸ್ಥೆ ಸಾಮಾನು ಸಹಿತ 6,90,000 ರೂಪಾಯಿ ಹೇಳಿತು. ಇನ್ನೊಬ್ಬ ಬಡಿಗೇರರು 5,20,000 ರೂಪಾಯಿ ಹೇಳಿದರಾದರೂ ದೀಪಾವಳಿಯ ನಂತರವೇ ಬರುವುದಾಗಿ ತಿಳಿಸಿದರು. ಗೌಂಡಿಯವರು ಕರೆತಂದ ಮೂರನೆಯವರು ಕೇಳಿದ್ದು 4,60,000 ರೂಪಾಯಿ. ಆದರೆ ಅದರಲ್ಲಿ ನೂರಕ್ಕೆ ನಲವತ್ತರಷ್ಟು, ಅಂದರೆ 1,84,000 ರೂಪಾಯಿಗಳನ್ನು ಅವರು ಮುಂಗಡವಾಗಿ ಕೇಳಿದರು. ಈ ಪ್ರಕರಣ ಅವರದು.

ಅವರ ಕೈಕೆಲಸದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅವರು ಹಿಂದೆ ಮಾಡಿದ ಒಂದು ಮನೆಗೆ ಹೋಗಿ ಬಾಗಿಲುಗಳನ್ನು ನೋಡಿದಾಗ ನನ್ನ ಗಮನ ಸೆಳೆದದ್ದು ಕೆತ್ತನೆಗಿಂತ ಹೆಚ್ಚಾಗಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬಿಟ್ಟಿದ್ದ ಸಂದು. ಬೇಸಿಗೆಯಲ್ಲಿ ಕೂಡಿಸಿದ ಬಾಗಿಲು ಧಾರವಾಡದ ಮಳೆಗಾಲದಲ್ಲಿ ಉಬ್ಬುತ್ತದೆಂದು ಬಲ್ಲವರು ಮಾತ್ರ ಹಾಗೆ ಎರಡು ನಾಣ್ಯ ಒಟ್ಟಿಗೆ ತೂರುವಷ್ಟು ಜಾಗವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬಿಡಬಲ್ಲರು. ಕೂಡಿಸಿ ಎಷ್ಟೋ ಮಳೆಗಾಲ ಕಳೆದಿದ್ದರೂ ಬಾಗಿಲನ್ನು ಒಮ್ಮೆಯೂ ಕೀಸಿಸಬೇಕಾಗಿ ಬಂದಿಲ್ಲವೆಂದು ಆ ಮನೆಯವರು ಹೇಳಿದರು.

ಎದುರಾದ ಪ್ರಶ್ನೆ

ಎರಡನೆಯ ಮನೆಯಲ್ಲಿ ಸಿಕ್ಕಿದ್ದು ಬೇರೆಯೇ ಚಿತ್ರ. ಅಲ್ಲಿ ಅಡುಗೆಮನೆಯ ಕಪಾಟಿಗೆ 60,000 ರೂಪಾಯಿ ಮುಂಗಡ ಪಡೆದು, ಅಳತೆ ತೆಗೆದುಕೊಂಡು, ನಾಲ್ಕು ಹಲಗೆ ಕೂಡಿಸಿ ಅವರು ಕೆಲಸ ನಿಲ್ಲಿಸಿದ್ದರು. ಕರೆ ಮಾಡಿದರೆ ಮೊದಮೊದಲು ನಾಳೆ ಬರುತ್ತೇನೆ ಎನ್ನುತ್ತಿದ್ದವರು ಕ್ರಮೇಣ ಕರೆ ಎತ್ತುವುದನ್ನೇ ಬಿಟ್ಟಿದ್ದರು. ಪ್ಲೈವುಡ್ ಅಂಗಡಿಯಲ್ಲಿ ವಿಚಾರಿಸಿದಾಗ ಅವರ ಹೆಸರಿನಲ್ಲಿ ದೊಡ್ಡ ಉದ್ರಿ ಬಾಕಿ ಇರುವುದು ತಿಳಿಯಿತು. ಬೆಂಗಳೂರಿನಲ್ಲಿದ್ದ ಶಿಕ್ಷಕಿಯ ಮಗ ಇಷ್ಟು ಕೇಳಿದ್ದೇ ಹುಬ್ಬಳ್ಳಿಯ ಸಂಸ್ಥೆಗೇ ಕೆಲಸ ಕೊಡುವುದೆಂದು ಪಟ್ಟು ಹಿಡಿದರು. ಅವರ ವಾದದಲ್ಲಿ ಹುರುಳಿತ್ತು: ಒಬ್ಬರಿಗೆ ಹಾಗೆ ಮಾಡಿದವರು ಇನ್ನೊಬ್ಬರಿಗೆ ಮಾಡುವುದಿಲ್ಲವೆಂಬುದಕ್ಕೆ ಏನು ಆಧಾರ?

ಶಿಕ್ಷಕಿ ಮಾತ್ರ ಆ ವ್ಯಕ್ತಿಯನ್ನೇ ಕರೆದು ನೇರವಾಗಿ ಕೇಳಬೇಕೆಂದರು. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನಾನು ಭಾವಿಸುತ್ತೇನೆ. ಸಾಲಗಾರನೆಂಬ ಸುದ್ದಿ ಕಿವಿಗೆ ಬಿದ್ದಾಗ ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಎರಡೇ: ಕಾರಣ ಹೇಳದೆ ಕೆಲಸ ತಪ್ಪಿಸುವುದು, ಇಲ್ಲವೇ ಕೇಳಿದರೆ ನೊಂದುಕೊಂಡಾರೆಂದು ಸುಮ್ಮನಿದ್ದು ಮುಂಗಡ ಕೊಟ್ಟುಬಿಡುವುದು. ಶಿಕ್ಷಕಿ ಚಹಾ ಕೊಟ್ಟು, ಕೂರಿಸಿ, ತಮಗೆ ತಿಳಿದುಬಂದದ್ದನ್ನೆಲ್ಲ ಹೇಳಿದರು. ಬಡಿಗೇರರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತು, "ಸಾಲ ಐತ್ರಿ, ಸುಳ್ಳ್ಯಾಕ ಹೇಳಲಿ. ಅವರ ರೊಕ್ಕ ನಾ ತಿಂದಿಲ್ಲ, ಆದ್ರ ಅವರ ಕೆಲಸಾನೂ ಆಗಿಲ್ಲ" ಎಂದರು.

ಸಾಲದ ಸ್ವರೂಪ

ಅವರು ಹೇಳಿದ್ದನ್ನು ಕಾಗದದ ಮೇಲೆ ಬಿಡಿಸಿ ಇಟ್ಟಾಗ ಸಾಲದ ಮೂಲ ತಿಳಿಯಿತು. ಒಂದು ಅಪಾರ್ಟ್‌ಮೆಂಟ್ ಕೆಲಸದಲ್ಲಿ ಗುತ್ತಿಗೆದಾರರು ಕೊನೆಯ ಬಿಲ್ಲನ್ನು ಕೊಡಲೇ ಇಲ್ಲ. ಆ ಕೆಲಸಕ್ಕೆ ಉದ್ರಿಯಲ್ಲಿ ತಂದ ಪ್ಲೈವುಡ್‌ನ ಬಾಕಿ ಇವರ ತಲೆಗೆ ಬಂತು. ಬಾಕಿ ತೀರುವವರೆಗೆ ಅಂಗಡಿಯವರು ಹೊಸ ಸಾಮಾನು ಕೊಡಲಿಲ್ಲ. ಮುಂದಿನ ಗಿರಾಕಿ ಕೊಟ್ಟ 60,000 ರೂಪಾಯಿ ಹಳೆಯ ಬಾಕಿಗೆ ಹೋಯಿತು. ಆ ಗಿರಾಕಿಯ ಕಪಾಟಿಗೆ ಹಲಗೆ ಬರಲಿಲ್ಲ. ಮನೆ ನಡೆಸಲು ಹೆಂಡತಿಯ ಹೆಸರಿನಲ್ಲಿ ಎರಡು ಸಂಘದ ಸಾಲ (ಕಿರುಸಾಲ), ಅದರ ಮೇಲೆ ಪರಿಚಯದವರಿಂದ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ 50,000 ರೂಪಾಯಿ ಕೈಗಡ. ವರ್ಷಕ್ಕೆ ಲೆಕ್ಕ ಹಾಕಿದರೆ ಇದು ನೂರಕ್ಕೆ ಅರವತ್ತು. ಅತಿಯಾದ ಬಡ್ಡಿಯನ್ನು ತಡೆಯಲೆಂದೇ ಕರ್ನಾಟಕದಲ್ಲಿ 2004ರ ಕಾಯ್ದೆ ಇದೆ. ಆದರೆ ಅವಸರಕ್ಕೆ ಕೈಯೊಡ್ಡಿದವರು ಕಾಯ್ದೆಯ ಮಾತೆತ್ತುವುದಿಲ್ಲ.

ಅಂದರೆ ಪ್ರತಿ ಹೊಸ ಮನೆಯ ಮುಂಗಡ ಹಿಂದಿನ ಮನೆಯ ಗುಂಡಿಯನ್ನು ಮುಚ್ಚುತ್ತಿತ್ತು. ನಮ್ಮಲ್ಲಿ ಕೇಳಿದ 1,84,000 ರೂಪಾಯಿಯಲ್ಲಿ ಎಷ್ಟು ಭಾಗ ಈ ಮನೆಯ ಸಾಗವಾನಿಯಾಗುತ್ತಿತ್ತು ಎಂದು ಕೇಳಿದಾಗ ಅವರೇ ಅರ್ಧ ಎಂದರು. ಈ ಉತ್ತರ ಮಗನನ್ನು ಇನ್ನಷ್ಟು ಹೆದರಿಸಿತು. ನನಗೆ ಮಾತ್ರ ಧೈರ್ಯ ಕೊಟ್ಟಿತು. ಅಪಾಯ ಎಲ್ಲಿದೆಯೆಂದು ಇಷ್ಟು ನಿಖರವಾಗಿ ತೋರಿಸಿಕೊಟ್ಟವರ ಜೊತೆ ಆ ಅಪಾಯವನ್ನು ದೂರವಿಟ್ಟು ಒಪ್ಪಂದ ಮಾಡಿಕೊಳ್ಳಬಹುದು. ಸಾಲವೇ ಇಲ್ಲವೆನ್ನುವ, ಆದರೆ ನಮಗೆ ಏನೂ ಗೊತ್ತಿಲ್ಲದ ಇನ್ನೊಬ್ಬರ ಜೊತೆ ಹಾಗೆ ಮಾಡಲಾಗದು.

ವಾರದ ಲೆಕ್ಕವನ್ನೂ ಮಾಡಿದೆವು. ಸಂಘದ ಎರಡು ಕಂತು ಸೇರಿ 2,230 ರೂಪಾಯಿ, ಅದೂ ಪ್ರತಿ ಬುಧವಾರ ಬೆಳಿಗ್ಗೆ; ಅಂಗಡಿಗೆ 1,500; ಕೈಗಡದ ಬಡ್ಡಿ ಸುಮಾರು 600. ಒಟ್ಟು 4,330 ರೂಪಾಯಿ. ಒಂದು ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು ಕಿರುಸಾಲದ ವಿಷಯದಲ್ಲಿ 2022ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ಸಂಘದ ಕಂತುಗಳಷ್ಟೇ ಆಗಿದ್ದರೆ ಈ ಮನೆ ಆ ಮಿತಿಯೊಳಗೇ ಇರುತ್ತಿತ್ತು. ಮಿತಿ ಮೀರಿಸಿದ್ದು ಉದ್ರಿ ಮತ್ತು ಕೈಗಡ. ಇವೆರಡೂ ಯಾವ ಸಾಲದ ವರದಿಯಲ್ಲಿಯೂ ಕಾಣುವುದಿಲ್ಲ.

ತೀರ್ಮಾನ

ಕೆಲಸ ಕೊಡುವುದೆಂದು ಶಿಕ್ಷಕಿ ನಿರ್ಧರಿಸಿದರು, ಆದರೆ ಸಾಮಾನು ಸಹಿತ ಗುತ್ತಿಗೆಯಾಗಿ ಅಲ್ಲ. ಮಜೂರಿ ಮಾತ್ರ 1,08,000 ರೂಪಾಯಿ, ಹತ್ತು ವಾರದ ಅಂದಾಜು. ಮರ, ಪ್ಲೈವುಡ್, ಹಿಂಜ್, ಸ್ಕ್ರೂ ಎಲ್ಲವನ್ನೂ ಮನೆಯವರೇ ಕೊಂಡು ಅಂಗಡಿಗೆ ನೇರವಾಗಿ ಹಣ ಕೊಡುವುದು. ಹೀಗೆ ಮಾಡಿದಾಗ ಮನೆಯವರ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ, ಹೊಸ್ತಿಲು ಸಹಿತವಾದ ಚೌಕಟ್ಟಿಗೆ ಒಟ್ಟು 21 ಅಡಿ ಉದ್ದದ ತೊಲೆ ಬೇಕು. ಅದು ಐದು ಇಂಚು ಅಗಲ, ಮೂರು ಇಂಚು ದಪ್ಪದ್ದಾದರೆ 2.19 ಘನ ಅಡಿ ಮರ. ಕೊಯ್ತ ಮತ್ತು ಕೀಸುವಿಕೆಯಲ್ಲಿ ಹೋಗುವುದನ್ನು ಇದರ ಮೇಲೆ ಸೇರಿಸಿಕೊಳ್ಳಬೇಕು. ಈ ಲೆಕ್ಕ ಮನೆಯವರಿಗೆ ಬಾರದಿದ್ದರೆ ಸಾಮಾನನ್ನು ತಾವೇ ಕೊಳ್ಳುವ ವ್ಯವಸ್ಥೆಯಿಂದ ಒಂದು ಸೋರಿಕೆ ನಿಂತು ಇನ್ನೊಂದು ಶುರುವಾಗುತ್ತದೆ. ಟಿಂಬರ್ ಮಾರ್ಟ್‌ಗೆ ಬಡಿಗೇರರೂ ಶಿಕ್ಷಕಿಯೂ ಒಟ್ಟಿಗೆ ಹೋದರು. ಮರದ ಬಿರುಕು, ಗಂಟು, ಹಸಿಯನ್ನು ನೋಡಿ ಆರಿಸಿದ್ದು ಅವರು, ಬಿಲ್ ಪಾವತಿಸಿದ್ದು ಇವರು.

ಮಜೂರಿಯನ್ನು ಮುಗಿದ ಕೆಲಸದ ಲೆಕ್ಕದಲ್ಲಿ ಶನಿವಾರ ಕೊಡುವುದೆಂದಾಯಿತು. ಮೊದಲು ಒಂದೇ ಚೌಕಟ್ಟು, ಅದು ಸರಿಯಾದ ಮೇಲೆ ಉಳಿದದ್ದು.

ಇಲ್ಲಿ ಒಂದು ತೊಡಕು ಎದುರಾಯಿತು. ಬಡಿಗೇರರ ರಂಧಾ ಮಷಿನ್ (ಮರ ಕೀಸುವ ಯಂತ್ರ) ಮತ್ತು ರೌಟರ್ (ಮರದ ಅಂಚು ಕೊರೆಯುವ ಯಂತ್ರ) 12,000 ರೂಪಾಯಿಗೆ ಬೇರೊಬ್ಬರ ಬಳಿ ಒತ್ತೆಯಲ್ಲಿದ್ದವು. ಕುಶಲಕರ್ಮಿಯ ಉಪಕರಣಗಳನ್ನು ನ್ಯಾಯಾಲಯ ಕೂಡ ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲವೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಉಪಕರಣವನ್ನು ಕಿತ್ತುಕೊಂಡರೆ ಸಾಲ ತೀರುವ ದಾರಿಯೇ ಮುಚ್ಚುತ್ತದೆಂಬುದು ಅದರ ಹಿಂದಿನ ವಿವೇಕ. ಆದರೆ ತಾನಾಗಿ ಒತ್ತೆಯಿಟ್ಟವರಿಗೆ ಆ ರಕ್ಷಣೆ ಒದಗುವುದಿಲ್ಲ. ಮುಂಗಡವೇ ಬೇಡವೆಂದು ನಿರ್ಧರಿಸಿದವರು ಈಗ ಏನು ಮಾಡಬೇಕು? ಶಿಕ್ಷಕಿ ಅವರ ಜೊತೆಗೇ ಹೋಗಿ ಹಣ ಕೊಟ್ಟು ಮಷಿನ್‌ಗಳನ್ನು ಬಿಡಿಸಿ ತಂದರು. ಈ 12,000 ರೂಪಾಯಿಯನ್ನು ಹೇಗೆ ಮರಳಿ ಪಡೆಯುವುದೆಂಬ ಬಗ್ಗೆ ಚರ್ಚೆ ನಡೆಯಿತು. ವಾರಕ್ಕೆ 10,800 ಮಜೂರಿಯಲ್ಲಿ ಸಹಾಯಕನಿಗೆ 3,600, ಸಾಲಗಳಿಗೆ 4,330 ಹೋದರೆ ಮನೆಗೆ ಉಳಿಯುವುದು 2,870. ಅದರಲ್ಲಿ ವಾರಕ್ಕೆ 1,500 ಮುರಿದುಕೊಂಡರೆ ಅವರು ಮತ್ತೆ ಕೈಗಡಕ್ಕೇ ಹೋಗಬೇಕು. ಆದ್ದರಿಂದ ಕಡಿತವನ್ನು ಕೊನೆಯ ಹಂತದ ಕೆಲಸಗಳಾದ ಅಡುಗೆಮನೆ ಮತ್ತು ವಾರ್ಡ್‌ರೋಬ್‌ಗಳ ಮಜೂರಿಗೆ ತಳ್ಳಲಾಯಿತು.

ಕರಾರಿನಲ್ಲಿ ಇನ್ನೊಂದು ವಾಕ್ಯವನ್ನು ಸೇರಿಸಬೇಕೆಂದು ನಾನು ಒತ್ತಾಯಿಸಿದೆ: ಅವರು ನಡುವೆ ಕೆಲಸ ಬಿಟ್ಟರೆ ಈ ಹಣ ಮರಳಿಸಬೇಕಾದ ಸಾಲವಷ್ಟೇ ಆಗಿರುತ್ತದೆ, ತೀರುವವರೆಗೆ ಇಲ್ಲಿಯೇ ದುಡಿಯಬೇಕೆಂಬ ಬಂಧನ ಇರುವುದಿಲ್ಲ. ಮುಂಗಡ ಕೊಟ್ಟು ಅದರ ಬಲದಿಂದ ಮನುಷ್ಯನ ದುಡಿಮೆಯನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ಧತಿ ಕಾಯ್ದೆಯ ಪ್ರಕಾರ ಅಪರಾಧ. ಸದುದ್ದೇಶದಿಂದ ಕೊಟ್ಟವರೂ "ನನ್ನ ರೊಕ್ಕ ತೀರೂತನಾ ಬ್ಯಾರೆ ಕಡೆ ಹೋಗಬ್ಯಾಡ" ಎಂದು ಆಡಿಬಿಡುವುದು ಸುಲಭ. ಅದನ್ನು ತಡೆಯುವುದು ಕಾಗದದ ಮೇಲೆ ಇರಬೇಕೆನಿಸಿತು.

ನಡೆದದ್ದು

ಮೊದಲ ಚೌಕಟ್ಟು ಒಂದು ನೂಲಿನಷ್ಟೂ ವಾರೆಯಾಗದೆ ಕೂತಿತು. ಮುಂದಿನ ವಾರಗಳಲ್ಲಿ ಮಾತ್ರ ಒಂದು ವಿಚಿತ್ರ ಕಾಣಿಸಿತು. ಶಿಕ್ಷಕಿ ಹಾಜರಿ ಬರೆದಿಡುತ್ತಿದ್ದ ವಹಿಯಲ್ಲಿ ಸೋಮವಾರ ಪೂರ್ತಿ ದಿನ, ಮಂಗಳವಾರ ಮಧ್ಯಾಹ್ನದವರೆಗೆ, ಬುಧವಾರ ರಜೆ ಅಥವಾ ತಡ, ಗುರುವಾರದಿಂದ ಶನಿವಾರದವರೆಗೆ ಮತ್ತೆ ಪೂರ್ತಿ ದಿನ ಎಂಬ ಕ್ರಮ ಮರುಕಳಿಸುತ್ತಿತ್ತು. ಶನಿವಾರದ ಮಜೂರಿ ಭಾನುವಾರ, ಸೋಮವಾರಗಳಲ್ಲಿ ಕರಗಿ, ಬುಧವಾರದ ಕಂತಿಗಾಗಿ ಅವರು ಮಂಗಳವಾರ ಮಧ್ಯಾಹ್ನದಿಂದಲೇ ಹಣ ಹುಡುಕಿಕೊಂಡು ಅಲೆಯುತ್ತಿದ್ದರು. ಕೆಲಸಕ್ಕೆ ಚಕ್ಕರ್ ಹಾಕುತ್ತಾರೆಂದು ಮಗ ಸಿಟ್ಟಾಗಿದ್ದ ಹೊತ್ತಿನಲ್ಲಿ ಆ ವಹಿ ಬೇರೆ ಕಾರಣವನ್ನು ತೋರಿಸಿತು. ಮಜೂರಿಯ ಮೊತ್ತ ಬದಲಾಗಲಿಲ್ಲ, ದಿನವಷ್ಟೇ ಬದಲಾಯಿತು: ವಾರದ ಹಣದಲ್ಲಿ ಒಂದು ಭಾಗ ಮಂಗಳವಾರ ಸಂಜೆ, ಉಳಿದದ್ದು ಶನಿವಾರ. ಅಲ್ಲಿಂದ ಮುಂದೆ ಬುಧವಾರದ ಗೈರು ಬಹುತೇಕ ನಿಂತಿತು. ಇಡೀ ಪ್ರಕರಣದಲ್ಲಿ ಏನೂ ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಟ್ಟ ನಿರ್ಧಾರ ಇದು.

ಈ ನಡುವೆ ಒಂದು ದಿನ ಸಾಲ ವಸೂಲಿಯವರು ಮನೆಯ ಗೇಟಿಗೇ ಬಂದರು. ಹಿಂದಿನ ಕಂತುಗಳು ಬಾಕಿಯಿದ್ದವು. ಮಜೂರಿಯನ್ನು ಬಡಿಗೇರರಿಗೆ ಕೊಡದೆ ತಮಗೆ ಕೊಡಬೇಕೆಂದು ಶಿಕ್ಷಕಿಯನ್ನು ಕೇಳಿದರು. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನಿಂತರು. ಒಳಗೆ ರಂಧಾ ಮಷಿನ್‌ನ ಸದ್ದು ನಿಂತುಹೋಯಿತು. ದುಡಿದವರ ಹಣವನ್ನು ದುಡಿದವರ ಕೈಗೇ ಕೊಡುತ್ತೇನೆ, ಕೂಲಿಕಾರರ ಕೂಲಿಯನ್ನು ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲ ಎಂದು ಶಿಕ್ಷಕಿ ದೃಢವಾಗಿ ಹೇಳಿದರು. ಅದು ಮೇಲೆ ಹೇಳಿದ 60ನೇ ಕಲಮಿನಲ್ಲಿಯೇ ಇರುವ ಮಾತು. ಕಿರುಸಾಲದ ಒತ್ತಾಯದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, 10 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಮಾಡಿದ ವಿಷಯವನ್ನು ಪತ್ರಿಕೆಗಳಲ್ಲಿ ಓದಿದ್ದರಿಂದ ಅವರಿಗೆ ಅಷ್ಟು ಧೈರ್ಯವಿತ್ತು. ಬಂದವರು ಹೆಚ್ಚು ವಾದಿಸದೆ ಹೋದರು. ಇನ್ನು ಕೆಲಸದ ಮನೆಗೆ ಯಾರೂ ಬರಬಾರದೆಂದು ಬಡಿಗೇರರ ಹೆಂಡತಿ ಸಾಲ ಕೊಟ್ಟ ಸಂಸ್ಥೆಯ ಶಾಖೆಗೆ ಲಿಖಿತವಾಗಿ ಕೊಟ್ಟರು. ಅವರ ಪರವಾಗಿ ಸಾಲವನ್ನು ಶಿಕ್ಷಕಿ ತೀರಿಸಲಿಲ್ಲ, ತೀರಿಸುವ ಮಾತನ್ನೂ ಆಡಲಿಲ್ಲ. ಅದು ಸರಿಯಾದ ಗೆರೆ ಎಂದು ನನಗೆ ಅನ್ನಿಸುತ್ತದೆ. ಕೆಲಸ ಕೊಟ್ಟವರು ಸಾಲ ಕೊಟ್ಟವರೂ ಆದರೆ, ಕೆಲಸ ಸರಿಯಿಲ್ಲದಾಗ ಸರಿಯಿಲ್ಲ ಎನ್ನುವ ಸ್ವಾತಂತ್ರ್ಯವನ್ನು ಇಬ್ಬರೂ ಕಳೆದುಕೊಳ್ಳುತ್ತಾರೆ.

ಹೊಡೆತ ಬಿದ್ದದ್ದು ಯಾರೂ ನೋಡದಿದ್ದ ಕಡೆಯಿಂದ. ತಲೆಬಾಗಿಲನ್ನು ಕೂಡಿಸುವ ವಾರದಲ್ಲಿ ಸಹಾಯಕ ಬರಲಿಲ್ಲ. ವಿಚಾರಿಸಿದಾಗ ಅವನಿಗೆ ಎರಡು ವಾರದ ಕೂಲಿ ಸಿಕ್ಕಿರಲಿಲ್ಲವೆಂದು ತಿಳಿಯಿತು. ಅಂಗಡಿಯ ಬಾಕಿಗೆ ಒತ್ತಾಯ ಹೆಚ್ಚಾದಾಗ ಬಡಿಗೇರರು ಅವನ ಕೂಲಿಯನ್ನೇ ಅಲ್ಲಿಗೆ ಕೊಟ್ಟಿದ್ದರು. ಸಾಮಾನಿನ ಹಣ ಅಂಗಡಿಗೆ ನೇರವಾಗಿ ಹೋಗುವಂತೆ ಮಾಡಿದ್ದರಿಂದ ಆ ಒತ್ತಡ ಮಾಯವಾಗಿರಲಿಲ್ಲ. ಅದು ಎಲ್ಲರಿಗಿಂತ ಕೆಳಗಿದ್ದ, ಕೇಳುವ ಬಲವಿಲ್ಲದ ಹುಡುಗನ ಮೇಲೆ ಸರಿದಿತ್ತು. ಏಳು ಅಡಿಯ ಸಾಗವಾನಿ ಬಾಗಿಲನ್ನು ಒಬ್ಬರೇ ಎತ್ತಿ ಹಿಂಜ್‌ಗೆ ಕೂಡಿಸಲಾಗದು. ಕೆಲಸ ಒಂದು ವಾರ ನಿಂತಿತು. ಕೊನೆಗೆ ಸಹಾಯಕನ ಬಾಕಿಯನ್ನು ಮೂವರ ಎದುರಿಗೆ ಲೆಕ್ಕ ಮಾಡಿ, ಒಪ್ಪಂದದ ಮಜೂರಿಯಿಂದ ತೆಗೆದು, ಅವನಿಗೇ ಫೋನ್‌ಪೇ ಮಾಡಲಾಯಿತು. ಮುಂದಿನ ಕೂಲಿಯನ್ನೂ ಹಾಗೆಯೇ ಕೊಡುವುದೆಂದಾಯಿತು. ಬಡಿಗೇರರಿಗೆ ಇದು ಅವಮಾನವೆನಿಸಿ ಎರಡು ದಿನ ಮಾತು ಕಡಿಮೆಯಾಯಿತು, ಆದರೆ ಅವರು ಒಪ್ಪಿಕೊಂಡರು.

ಪಿಎಂ ವಿಶ್ವಕರ್ಮ ಯೋಜನೆಗೂ ಮಗ ಅವರ ಹೆಸರಿನಲ್ಲಿ ಅರ್ಜಿ ಹಾಕಿಸಿದರು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಆ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ಉಪಕರಣಕ್ಕೆ 15,000 ರೂಪಾಯಿ, ಮೊದಲ ಹಂತದಲ್ಲಿ 1 ಲಕ್ಷದವರೆಗೆ ನೂರಕ್ಕೆ 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಕೈಗಡವನ್ನು ಇದರಿಂದ ತೀರಿಸಿದ್ದರೆ ಬಡ್ಡಿಯ ಹೊರೆ ಹನ್ನೆರಡರಲ್ಲಿ ಒಂದು ಪಾಲಾಗುತ್ತಿತ್ತು. ಆದರೆ ಪರಿಶೀಲನೆಯ ಹಂತಗಳು ಮುಗಿಯುವುದರೊಳಗೆ ಈ ಮನೆಯ ಕೆಲಸವೇ ಮುಗಿದಿತ್ತು.

ವಾಸ್ತುಶಾಂತಿಯ ದಿನಕ್ಕೆ ತಲೆಬಾಗಿಲು, ದೇವರ ಕೋಣೆ ಮತ್ತು ಒಳಬಾಗಿಲುಗಳು ಸಿದ್ಧವಿದ್ದವು. ಅಡುಗೆಮನೆಯ ಕಪಾಟಿಗೆ ಇನ್ನೂ ಬಾಗಿಲು ಬಂದಿರಲಿಲ್ಲ, ವಾರ್ಡ್‌ರೋಬ್ ಒಂದು ಅರ್ಧವಾಗಿತ್ತು. ಕೆಲಸ ಮುಗಿದದ್ದು ಗೊತ್ತುಮಾಡಿದ್ದಕ್ಕಿಂತ ಮೂರು ವಾರ ತಡವಾಗಿ, ಮಳೆ ಹಿಡಿದ ಮೇಲೆ. ಒಟ್ಟು ಖರ್ಚು 4,75,000 ರೂಪಾಯಿ: ಬಡಿಗೇರರ ಮೂಲ ಅಂದಾಜಿಗಿಂತ 15,000 ಹೆಚ್ಚು, ಸಂಸ್ಥೆಯ ದರಕ್ಕಿಂತ 2,15,000 ಕಡಿಮೆ. ಮಷಿನ್ ಬಿಡಿಸಿದ 12,000 ರೂಪಾಯಿ ಕೊನೆಯ ಲೆಕ್ಕದಲ್ಲಿ ಪೂರ್ತಿ ಹೊಂದಿಕೆಯಾಯಿತು. ಅರ್ಧ ಕೆಲಸದಲ್ಲಿ ಕೈಬಿಟ್ಟಿದ್ದ ಆ ಹಿಂದಿನ ಮನೆಯವರು ಪ್ಲೈವುಡ್ ತಾವೇ ತಂದುಕೊಟ್ಟರು. ಬಡಿಗೇರರು ಮಜೂರಿ ಪಡೆಯದೆ ಕಪಾಟನ್ನು ಪೂರ್ತಿ ಮಾಡಿಕೊಟ್ಟರು. ಅವರ 60,000 ರೂಪಾಯಿಯಲ್ಲಿ 38,000 ಮಜೂರಿಯಾಗಿ ಹೊಂದಿಕೆಯಾಗಿ, ಉಳಿದ 22,000 ಕಂತಿನಲ್ಲಿ ಮರಳುತ್ತಿದೆ. ಆ ಮನೆಯ ಯಜಮಾನರ ಸಿಟ್ಟು ಇನ್ನೂ ತಣಿದಿಲ್ಲ, ತಣಿಯಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ.

ಈ ಪ್ರಕರಣದಿಂದ ತಿಳಿದದ್ದು

ಸಾಲವಿದೆಯೇ ಎಂಬ ಪ್ರಶ್ನೆಗಿಂತ ಸಾಲ ಯಾವ ವಾರ, ಯಾವ ದಿನ, ಯಾರ ಕೈಯಿಂದ ಹಣ ಎಳೆಯುತ್ತದೆ ಎಂಬ ಪ್ರಶ್ನೆ ಇಲ್ಲಿ ಹೆಚ್ಚು ಕೆಲಸಕ್ಕೆ ಬಂತು. ಹಣ ಕೊಟ್ಟ ಘಳಿಗೆಗೂ ಅದಕ್ಕೆ ಸಲ್ಲುವ ಕೆಲಸ ಎದುರಿಗೆ ನಿಲ್ಲುವ ಘಳಿಗೆಗೂ ಇರುವ ಅಂತರದಲ್ಲಿಯೇ ಎಲ್ಲ ಅಪಾಯವೂ ಇತ್ತು. ಆ ಅಂತರವನ್ನು ಎರಡು ತಿಂಗಳಿಂದ ಮೂರು ದಿನಕ್ಕೆ ಇಳಿಸಿದಾಗ ಸಾಲಗಾರ ಬಡಿಗೇರರೂ ಬೇರೆ ಬಡಿಗೇರರೂ ಹೆಚ್ಚುಕಡಿಮೆ ಸಮಾನರಾದರು. ಈಗ ನಾನು ನೋಡಿಕೊಳ್ಳುವ ಎಲ್ಲ ಕರಾರುಗಳಲ್ಲಿ ಸಹಾಯಕರ ಕೂಲಿಗೆ ಪ್ರತ್ಯೇಕ ಕಲಮು ಇರುತ್ತದೆ, ಮುಖ್ಯ ಕಸುಬುದಾರರಿಗೆ ಸಾಲವಿರಲಿ, ಇಲ್ಲದಿರಲಿ.

ಆದರೆ ಈ ದಾರಿ ಎಲ್ಲರಿಗೂ ಒಗ್ಗುವುದಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಇದು ನಡೆದದ್ದು ಶಿಕ್ಷಕಿ ದಿನವೂ ಮನೆಯಲ್ಲಿದ್ದು ವಹಿ ಬರೆದಿಟ್ಟಿದ್ದರಿಂದ. ಬೇರೆ ಊರಿನಲ್ಲಿದ್ದುಕೊಂಡು ಮನೆ ಕಟ್ಟಿಸುವವರು ಸಾಮಾನು ಕೊಳ್ಳುವ, ವಾರಕ್ಕೆರಡು ಬಾರಿ ಕೆಲಸ ಅಳೆದು ಹಣ ಕೊಡುವ ಜವಾಬ್ದಾರಿಯನ್ನು ಯಾರಿಗಾದರೂ ವಹಿಸಲಾಗದಿದ್ದರೆ ಹೆಚ್ಚು ಹಣ ಕೊಟ್ಟು ಸಂಸ್ಥೆಯ ಬಳಿಗೆ ಹೋಗುವುದೇ ಸರಿ. ಸಾಲದ ಮೂಲ ಇಸ್ಪೀಟು ಅಥವಾ ಕುಡಿತವಾಗಿದ್ದರೆ ಪಾವತಿಯ ದಿನ ಬದಲಿಸಿ ಪ್ರಯೋಜನವಿಲ್ಲ. ಮತ್ತು ನೇರವಾಗಿ ಕೇಳಿದಾಗ ಸಾಲವನ್ನು ಅಲ್ಲಗಳೆದು, ಅದು ಬೇರೆ ಕಡೆಯಿಂದ ಖಚಿತವಾದರೆ, ಕೈಕೆಲಸ ಎಷ್ಟೇ ಚೆನ್ನಾಗಿದ್ದರೂ ಕೆಲಸ ಒಪ್ಪಿಸಬೇಡಿ ಎಂದೇ ನಾನು ಹೇಳುತ್ತೇನೆ. ಇಲ್ಲಿ ಮಾಡಿದ ಪ್ರತಿಯೊಂದು ಏರ್ಪಾಡೂ ಆ ಮೊದಲ ದಿನ ಅವರು ಕೊಟ್ಟ ಲೆಕ್ಕದ ಮೇಲೆಯೇ ನಿಂತಿತ್ತು.